ವಾಸನೆಯಿಲ್ಲದ ಮನೆ

ನಮ್ಮ ಮನೆಯನ್ನು ಅವ್ವ ಏನೇನು ಹಾಕಿ ತೊಳೆಯುತ್ತಿದ್ದಳು ಎಂದು ಹೋದ ತಿಂಗಳು ನನ್ನ ತಮ್ಮನ ಹೆಂಡತಿ ವಿದ್ಯಾ ಕೇಳಿದಳು. ಕೈಯಲ್ಲಿ ನೋಟ್‌ಬುಕ್ಕು, ಪೆನ್ನು. ಬಾಳ್ಳುಪೇಟೆಯಿಂದ ಪಾಳ್ಯದ ಕಡೆಗೆ ಹೋಗುವ ರಸ್ತೆಯಲ್ಲಿ, ಕಾಫಿ ತೋಟ ಮುಗಿದು ಗದ್ದೆ ಶುರುವಾಗುವ ಕಡೆ ನಮ್ಮ ಮನೆ ಇದೆ. ತಮ್ಮ ಮತ್ತು ವಿದ್ಯಾ ಈಗ ಅದನ್ನು ಹೋಮ್‌ಸ್ಟೇ ಮಾಡಿದ್ದಾರೆ. ಬಂದವರಿಗೆ ಅಕ್ಕಿರೊಟ್ಟಿ, ತೋಟದಲ್ಲಿ ಒಂದು ಸುತ್ತು, ವಾಪಸು ಹೋಗುವಾಗ ಕಾಲು ಕೆಜಿ ಕಾಫಿಪುಡಿ. ಇಷ್ಟು ಸಾಲದೆಂದು ಈಗ ಜಗಲಿಯ ಮೇಲೊಂದು ಹಲಗೆ ನೇತುಹಾಕುವ ಯೋಚನೆ ಅವಳದು. ಮೂರು ತಲೆಮಾರಿನಿಂದ ರಾಸಾಯನಿಕ ಸೋಕದ ಮನೆ ಎಂದು ಬರೆಸುತ್ತಾಳಂತೆ. ಅಂಟುವಾಳ, ಸೀಗೆ, ಬೂದಿ, ಹೇರಳೆಕಾಯಿ ಸಿಪ್ಪೆ, ಇವುಗಳನ್ನೆಲ್ಲ ಅವ್ವ ಎಷ್ಟು ಪ್ರೀತಿಯಿಂದ ಬಳಸುತ್ತಿದ್ದಳು ಎಂದು ನಾನು ಹೇಳಬೇಕು, ಅವಳು ಬರೆದುಕೊಳ್ಳಬೇಕು. ಪ್ರೀತಿಯಿಂದ ಎಂಬ ಮಾತು ಕೇಳಿದ್ದೇ ನನಗೆ ರೇಗಿಹೋಯಿತು. ಆ ಮನೆಯಲ್ಲಿ ಯಾರೂ ಯಾವುದನ್ನೂ ಪ್ರೀತಿಯಿಂದ ಉಜ್ಜಿದ್ದನ್ನು ನಾನು ಕಂಡಿಲ್ಲ. ಉಜ್ಜಿದವರಲ್ಲಿ ನಾನೂ ಒಬ್ಬಳು.

ಮೊದಲು ಮನೆಯ ಎರಡು ಕೋಣೆಗಳ ವಿಷಯ ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಒಂದು ನಡುಕೋಣೆ. ಅದರ ಒಂದು ಗೋಡೆಯ ಆಚೆಗೆ ಅಡುಗೆಮನೆ, ಇನ್ನೊಂದು ಗೋಡೆಯ ಆಚೆಗೆ ಬಚ್ಚಲುಮನೆಯ ಹಂಡೆ ಒಲೆ. ಆ ಒಲೆ ಬೆಳಿಗ್ಗೆ ಹೊತ್ತಿದರೆ ಸಂಜೆಯವರೆಗೂ ಆರುತ್ತಿರಲಿಲ್ಲ, ಹಾಗಾಗಿ ಮಳೆಗಾಲದಲ್ಲಿ ಕೂಡ ನಡುಕೋಣೆಯ ಗೋಡೆಗೆ ಕೈಯಿಟ್ಟರೆ ಆಗತಾನೇ ಎದ್ದುಹೋದವರ ಹಾಸಿಗೆಯ ಹಾಗೆ ಬೆಚ್ಚಗಿರುತ್ತಿತ್ತು. ಇನ್ನೊಂದು ದರೆಕೋಣೆ. ಮನೆ ಕಟ್ಟಿದ ಮುತ್ತಜ್ಜ ಹಿಂದಿನ ಗುಡ್ಡವನ್ನು ಕಡಿದು ಜಾಗ ಮಾಡಿಕೊಂಡು, ಕಡಿದ ಮಣ್ಣಿನ ದರೆಗೆ ಆನಿಸಿಯೇ ಆ ಗೋಡೆಯನ್ನು ಏಳಿಸಿಬಿಟ್ಟಿದ್ದ. ಮುತ್ತಜ್ಜ ಬಹಳ ಬುದ್ಧಿವಂತ ಎಂದು ಎಲ್ಲರೂ ಹೇಳುತ್ತಿದ್ದರು. ಅವನ ಬುದ್ಧಿಯಿಂದಾಗಿ ಜೂನ್ ತಿಂಗಳಿಂದ ದೀಪಾವಳಿಯವರೆಗೂ ಗುಡ್ಡದ ನೀರೆಲ್ಲ ಆ ಗೋಡೆಯೊಳಗೆ ಜಿನುಗುತ್ತಿತ್ತು. ಮೊದಲು ಸುಣ್ಣ ಉಬ್ಬುವುದು, ಆಮೇಲೆ ಹಸಿರು ಚುಕ್ಕೆ, ಆಮೇಲೆ ಕಪ್ಪು. ಹಾಸಿಗೆಯ ಅಂಚು, ಶಾಲೆಯ ಚೀಲದ ಪಟ್ಟಿ, ಚಪ್ಪಲಿ, ಅಜ್ಜಿಯ ವಿಭೂತಿಗಟ್ಟಿಯನ್ನಿಟ್ಟ ಮರದ ಡಬ್ಬಿ, ಎಲ್ಲಕ್ಕೂ ಬೂಷ್ಟು ಹಿಡಿಯುತ್ತಿತ್ತು.

ನಾನು ಹುಟ್ಟಿದಾಗಿನಿಂದ ಅಜ್ಜಿಯ ಜೊತೆ ನಡುಕೋಣೆಯಲ್ಲೇ ಮಲಗುತ್ತಿದ್ದವಳು. ಕಾಫಿ ಕೂಡ ಆ ಕೋಣೆಗೆ ಬರುತ್ತಿತ್ತು, ಆದರೆ ನಾಲ್ಕು ದಿನದ ನೆಂಟನ ಹಾಗೆ. ಕಣದಲ್ಲಿ ಒಣಗಿದ ಕಾಫಿಯನ್ನು ಚೀಲ ಕಟ್ಟಿ, ಲಾರಿ ಬರುವವರೆಗೆ ಅಲ್ಲಿಟ್ಟು, ಮಳೆಗೆ ಬಹಳ ಮೊದಲೇ ಸಾಗಿಸಿಬಿಡುತ್ತಿದ್ದರು. ಆಗೆಲ್ಲ ಬೆಳೆದದ್ದನ್ನು ಸರ್ಕಾರದ ವ್ಯವಸ್ಥೆಗೇ ಕೊಡಬೇಕಿತ್ತು. ನನಗೆ ಎಂಟೋ ಒಂಬತ್ತೋ ಆಗಿದ್ದಾಗ ಆ ಕಟ್ಟು ಸಡಿಲವಾಯಿತು. ಇನ್ನು ಮೇಲೆ ಬೆಳೆಗಾರ ತನ್ನ ಕಾಫಿಯನ್ನು ತನಗೆ ಬೇಕಾದಾಗ, ಬೇಕಾದವರಿಗೆ ಮಾರಬಹುದು ಎಂದಾಯಿತು. ಅಪ್ಪಾಜಿಗೆ ಇದೊಂದು ಹೊಸ ಹುಮ್ಮಸ್ಸು ತಂದಿತು. ಬೆಲೆ ಏರುವವರೆಗೆ ಕಾಯುವುದು ಎಂಬ ಆಟವನ್ನು ಅವರು ಅದುವರೆಗೂ ಆಡಿರಲೇ ಇಲ್ಲ. ಕಾಯುವುದೆಂದರೆ ಮಳೆಗಾಲ ದಾಟಿಸುವುದು. ಮಳೆಗಾಲ ದಾಟಿಸುವುದೆಂದರೆ ಒಣಗಿದ ಜಾಗ ಬೇಕು. ಒಂದು ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ನಡುಕೋಣೆಯ ನೆಲಕ್ಕೆ ಮರದ ಹಲಗೆ ಹೊಡೆಸಿ, ಅದರ ಮೇಲೆ ಪಾರ್ಚ್‌ಮೆಂಟ್ ಕಾಫಿಯ, ಎಂದರೆ ಹಣ್ಣು ಬಿಡಿಸಿ ಒಳಸಿಪ್ಪೆಯ ಸಮೇತ ಒಣಗಿಸಿದ ಬೀಜದ, ಚೀಲಗಳನ್ನು ಸೂರಿನವರೆಗೆ ಪೇರಿಸಿ ಆಗಿತ್ತು. ನನ್ನ ಮತ್ತು ಅಜ್ಜಿಯ ಹಾಸಿಗೆ ದರೆಕೋಣೆಯಲ್ಲಿತ್ತು.

ಆ ಮೊದಲ ವರ್ಷವೇ ನುಸಿಗುಳಿಗೆಯ ಪ್ರಕರಣ ನಡೆದದ್ದು. ನುಸಿಗುಳಿಗೆ ಹಾಕಿಟ್ಟ ಅವ್ವನ ಸೀರೆ ಪೆಟ್ಟಿಗೆ ಮದುವೆಯಾದಾಗಿನಿಂದ ನಡುಕೋಣೆಯ ಮೂಲೆಯಲ್ಲೇ ಇತ್ತು. ಕಾಫಿ ಬಂದಾಗ ಅದನ್ನು ಎತ್ತಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಳೆಗಾಲ ಮುಗಿದ ಮೇಲೆ ಸಕಲೇಶಪುರದಿಂದ ಖಾದರ್ ಸಾಬರು ಕಾಫಿ ನೋಡಲು ಬಂದರು. ಬಿಳಿ ಜುಬ್ಬ, ತೆಳ್ಳಗಿನ ದೇಹ, ಮಾತು ಬಹಳ ಕಡಿಮೆ. ಒಂದು ಹಿಡಿ ಬೀಜ ತೆಗೆದು ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಊದಿ, ಒಂದನ್ನು ಹಲ್ಲಲ್ಲಿ ಕಚ್ಚಿ ನೋಡಿ, ಉಳಿದದ್ದನ್ನು ಎರಡು ಕೈಯಲ್ಲಿ ಮುಚ್ಚಿ ಮೂಗಿಗೆ ಹಿಡಿದು ಸುಮ್ಮನೆ ನಿಂತರು. ಅಪ್ಪಾಜಿಯೂ ಉಸಿರು ಬಿಗಿಹಿಡಿದು ನಿಂತಿದ್ದರು.

"ಯಜಮಾನ್ರೆ, ಬೀಜ ಏನೋ ಚೆನ್ನಾಗೈತೆ. ಆದ್ರೆ ಇದನ್ನ ಕುಡಿದೋರಿಗೆ ಮದುವೆಮನೆ ನೆನಪಾಗ್ತದೆ."

ಪೆಟ್ಟಿಗೆಯ ಹತ್ತಿರವಿದ್ದ ಚೀಲಗಳನ್ನು ಅವರು ಮುಟ್ಟಲಿಲ್ಲ. ಉಳಿದದ್ದನ್ನು ಕಡಿಮೆ ಬೆಲೆಗೆ ತೆಗೆದುಕೊಂಡು ಹೋದರು. ಕಾಫಿ ಬೀಜ ಸುತ್ತ ಇರುವ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ ಎಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಅಪ್ಪಾಜಿಗೂ ಗೊತ್ತಿತ್ತು. ಆದರೆ ಗೊತ್ತಿದ್ದೂ ಮರೆತದ್ದರ ಸಿಟ್ಟನ್ನು ತಮ್ಮ ಮೇಲೆ ತಾವೇ ತೀರಿಸಿಕೊಳ್ಳಲಾಗುವುದಿಲ್ಲವಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ವಾಸನೆಗೆ ಬಹಿಷ್ಕಾರ ಬಿತ್ತು. ನುಸಿಗುಳಿಗೆ ಹೋಯಿತು. ಪರಿಮಳದ ಸೋಪು ಹೋಯಿತು, ಬಟ್ಟೆಗೂ ಮೈಗೂ ಸೀಗೆ, ಕಡಲೆಹಿಟ್ಟು. ಅಜ್ಜಿಯ ಶಿವಪೂಜೆಗೆ ಊದುಬತ್ತಿ ನಿಂತುಹೋಯಿತು. ಧೂಪ ಹಾಕಬೇಕಾದರೆ ಕೊಟ್ಟಿಗೆಯ ಆಚೆ. ಅಜ್ಜಿ ಶಿವನಿಗೆ ಇದನ್ನೆಲ್ಲ ಹೇಗೆ ವಿವರಿಸಿದಳೋ ಗೊತ್ತಿಲ್ಲ, ಮಗನ ಮಾತೆಂದರೆ ಅವಳಿಗೆ ಶಿವನ ಮಾತಿಗಿಂತ ಒಂದು ತೂಕ ಹೆಚ್ಚೇ. ಸೀಮೆಎಣ್ಣೆ ಬುಡ್ಡಿ ಅಂಗಳಕ್ಕೆ ಹೋಯಿತು. ಎಲ್ಲಕ್ಕಿಂತ ದೊಡ್ಡ ಶತ್ರು ಫಿನಾಯಿಲ್. ಅದರ ಹೆಸರನ್ನು ಅಪ್ಪಾಜಿ ಹಾವಿನ ಹೆಸರು ಹೇಳುವ ಹಾಗೆ ಹೇಳುತ್ತಿದ್ದರು. ಬಿಸಿಲೆ ಕಡೆಯ ಯಾರದೋ ಕಾಫಿ ಸ್ಟೋರಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬ ನೆಲ ಒರೆಸಲು ಫಿನಾಯಿಲ್ ಹಾಕಿಸಿ ಆ ವರ್ಷದ ಕಾಫಿಯೆಲ್ಲ ಕೆಟ್ಟಿತೆಂಬ ಕತೆಯನ್ನು ನಮಗೆ ಅನ್ನದ ಜೊತೆ ಬಡಿಸುತ್ತಿದ್ದರು.

ಇಷ್ಟೆಲ್ಲ ಹೋದ ಮೇಲೆ ಅವ್ವನಿಗೆ ಉಳಿದ ಸಾಮಗ್ರಿಗಳೇ ವಿದ್ಯಾ ಬರೆದುಕೊಳ್ಳಲು ಕುಳಿತಿದ್ದ ಪಟ್ಟಿ. ವಾಸನೆ ಬಿಡದೆ ಕೊಳೆ ತೆಗೆಯುವಂಥದ್ದು ಏನಿದೆಯೋ ಅದು. ಅಂಟುವಾಳಕಾಯಿ ನೆನೆಹಾಕಿ, ಕುದಿಸಿ, ಕಿವುಚಿ, ನೊರೆ ಬರುವ ನೀರು. ಜರಡಿ ಹಿಡಿದ ಒಲೆಬೂದಿ. ತೆಂಗಿನ ಚಿಪ್ಪಿನಲ್ಲಿ ಸುಟ್ಟ ಸುಣ್ಣದ ಕಲ್ಲು ಹಾಕಿ ಮೂಲೆಮೂಲೆಗೆ ಇಡುತ್ತಿದ್ದಳು, ಅದು ಗಾಳಿಯ ತೇವ ಹೀರಿ ಪುಡಿಯಾಗುತ್ತಿತ್ತು. ಹೇರಳೆಕಾಯಿಗೆ ಮೊದಲು ಅನುಮತಿ ಇತ್ತು, ಆಮೇಲೆ ಅಪ್ಪಾಜಿ ಒಂದು ಸಂಜೆ ಬಾಗಿಲಲ್ಲಿ ನಿಂತು ಮೂಗರಳಿಸಿ ಅದೂ ಬೇಡ ಎಂದರು. ದಿನವೂ ಹೊರಗಿಂದ ಬಂದವರೇ ಅವರು ಮನೆಯೆಲ್ಲ ಮೂಸಿಕೊಂಡು ಒಂದು ಸುತ್ತು ಬರುತ್ತಿದ್ದರು. ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುವರು. ನಿನಗೆ ನನ್ನ ಮೂಗೇ ಬಂದಿದೆ, ನೀನು ಮುಂದೆ ಕಾಫಿ ನೋಡುವವಳಾಗುತ್ತೀಯ ಎಂದು ಅವರಿಗೆ ಬಹಳ ಆಸೆ. ಬೀಜವನ್ನು ಅಂಗೈಯಲ್ಲಿ ಉಜ್ಜುವುದು, ಕಚ್ಚಿ ಒಣಗು ನೋಡುವುದು, ಎಲ್ಲ ಹೇಳಿಕೊಡುವರು. ಆದರೆ ಆ ಮೂಗು ಜೂನ್ ಬಂದರೆ ಕಟ್ಟಿಕೊಂಡು ದೀಪಾವಳಿಯವರೆಗೂ ಬಿಡುತ್ತಿರಲಿಲ್ಲ. ಏನು ವಾಸನೆ ಹೇಳು ನೋಡೋಣ ಎಂದು ಅವರು ಕೇಳುವರು. ನಾನು ಬಾಯಲ್ಲಿ ಉಸಿರಾಡುತ್ತಾ ಬಾಯಿಗೆ ಬಂದದ್ದನ್ನು ಹೇಳುವೆ. ಮಗಳ ಮೂಗು ಯಾಕೆ ಕಟ್ಟಿದೆ ಎಂಬ ಪ್ರಶ್ನೆ ಆ ಮೂಗಿನ ಯಜಮಾನರಿಗೆ ಒಂದು ದಿನವೂ ಬರಲಿಲ್ಲ. ಇದನ್ನು ಬರೆಯುವಾಗ ಇವತ್ತೂ ಹಲ್ಲು ಕಡಿಯುವಂತಾಗುತ್ತದೆ.

ಕಟ್ಟಿದ ಮೂಗು ಎರಡನೆಯ ಮಳೆಗಾಲಕ್ಕೆ ಉಬ್ಬಸವಾಯಿತು. ಬೆಳಗಿನ ಜಾವ ಎದೆಯೊಳಗೆ ಯಾರೋ ತಿದಿ ಒತ್ತಿದ ಹಾಗೆ ಸದ್ದು. ಎದ್ದು ಕುಳಿತು, ಮಂಡಿಯ ಮೇಲೆ ಕೈಯೂರಿ, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದೆ. ಅಜ್ಜಿ ಬೆನ್ನಿಗೆ ಎಣ್ಣೆ ಉಜ್ಜುವಳು. ಅವ್ವ ಬಿಸಿನೀರು ಕುಡಿಸುವಳು. ಆಮೇಲೆ ಇಬ್ಬರೂ ಸೇರಿ ಗೋಡೆ ನೋಡುವರು. ನಮ್ಮ ಮನೆಯ ಬುದ್ಧಿಯೆಲ್ಲ ಅಲ್ಲಿಗೆ ಬಂದು ನಿಂತುಹೋಗುತ್ತಿತ್ತು. ಬೂಷ್ಟಿನಿಂದ ಉಬ್ಬಸ, ಸರಿ. ಬೂಷ್ಟು ಯಾಕೆ? ಸರಿಯಾಗಿ ಉಜ್ಜದ್ದಕ್ಕೆ. ಅಜ್ಜಿಯ ತೀರ್ಪು ಅದು. ಸೊಸೆಯ ಕೈ ಸಾಲದು ಎಂದು ಅವಳು ನೇರವಾಗಿ ಹೇಳುತ್ತಿರಲಿಲ್ಲ, ಗೋಡೆಯ ಮೇಲೆ ಬೆರಳಾಡಿಸಿ ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅವ್ವ ಸೆರಗು ಸಿಕ್ಕಿಸಿ, ಅಂಟುವಾಳದ ನೀರು, ಬೂದಿ, ತೆಂಗಿನ ನಾರು ಹಿಡಿದು ಗೋಡೆಗೆ ಬೀಳುವಳು. ಆಮೇಲೆ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಗೋಡೆಯುದ್ದಕ್ಕೂ ಹಿಡಿದು ಒಣಗಿಸುವಳು, ಅದೂ ಹೊಗೆಯಾಡದ ಹಾಗೆ, ಯಾಕೆಂದರೆ ಹೊಗೆ ಕಾಫಿಗೆ ಆಗದು. ಎರಡು ದಿನ ಗೋಡೆ ಬೆಳ್ಳಗೆ. ಮೂರನೆಯ ದಿನ ಚುಕ್ಕೆ. ಮತ್ತೆ ನಾರು.

ಇದರಲ್ಲಿ ನನಗೂ ಪಾಲಿತ್ತು. ಅವರವರ ಜಾಗ ಅವರವರೇ ಚೊಕ್ಕ ಮಾಡಬೇಕೆಂಬುದು ಅಜ್ಜಿಯ ನಿಯಮ. ನನ್ನ ತಲೆದಿಂಬಿನ ಹತ್ತಿರದ ಗೋಡೆ ನನ್ನ ಪಾಲಿಗೆ. ಒಣಗಿದ ಬೂಷ್ಟನ್ನು ನಾರಿನಲ್ಲಿ ಉಜ್ಜಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಅದು ನೇರವಾಗಿ ನನ್ನ ಎದೆಗೆ ಹೋಗುತ್ತಿತ್ತು. ಉಜ್ಜಿದ ಸಂಜೆಯೇ ಉಬ್ಬಸ ಜೋರಾಗುತ್ತಿತ್ತು, ಜೋರಾದ್ದರಿಂದ ಮಾರನೆಯ ದಿನ ಇನ್ನಷ್ಟು ಉಜ್ಜಿಸುತ್ತಿದ್ದರು. ಇಷ್ಟು ಸ್ವಚ್ಛವಾದ ಮನೆಯಲ್ಲಿ ಇಷ್ಟು ಕಾಯಿಲೆಯ ಹುಡುಗಿ ಹೇಗೆ ಎಂದು ನೆಂಟರೆಲ್ಲ ಆಶ್ಚರ್ಯಪಡುವರು. ಬೇರೆ ಕಡೆ ಮಲಗಿಸುವ ಮಾತು ಬರಲಿಲ್ಲವೆಂದಲ್ಲ. ಅಪ್ಪ ಅವ್ವ ಮಲಗುವ ಮೂಲೆಕೋಣೆಯಲ್ಲಿ ತಮ್ಮನ ತೊಟ್ಟಿಲಿಗೇ ಜಾಗ ಸಾಲದು. ಜಗಲಿಗೆ ಎರಚಲು. ಅಡುಗೆಮನೆಯಲ್ಲಿ ಮಲಗುವುದು ಅಜ್ಜಿಯ ಮಡಿಗೆ ಒಪ್ಪದು. ಅಲ್ಲದೆ ಅಜ್ಜಿಯೇ ದೊಡ್ಡ ಸಾಕ್ಷಿಯಾಗಿದ್ದಳು. ನಾನೂ ಅದೇ ಕೋಣೇಲಿ ಮಲಗ್ತೀನಿ, ನಂಗೇನಾಗೈತೆ ಎಂದು ಕೇಳುವಳು. ನಿಜಕ್ಕೂ ಅವಳಿಗೆ ಏನೂ ಆಗಿರಲಿಲ್ಲ. ಎಪ್ಪತ್ತರ ಅಜ್ಜಿ ಗುಂಡುಕಲ್ಲಿನಂತಿದ್ದು ಗೊರಕೆ ಹೊಡೆಯುತ್ತಿದ್ದಳು. ನನಗೆ ಅವಳ ಆರೋಗ್ಯದ ಮೇಲೇ ಕೋಪ ಬರುತ್ತಿತ್ತು.

ಮೂರನೆಯ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನನ್ನ ತುಟಿ ನೀಲಿಯಾಯಿತಂತೆ. ಅಪ್ಪಾಜಿ ಜೀಪು ತೆಗೆದರು. ಆಲೂರಿನ ಡಾಕ್ಟರು ಇಂಜೆಕ್ಷನ್ ಕೊಟ್ಟು, ಉಸಿರು ಸರಿಯಾದ ಮೇಲೆ ನಮ್ಮ ಮನೆಯ ವಿಷಯವನ್ನೆಲ್ಲ ಕೇಳಿದರು. ಅವ್ವ ತಾನು ಏನೇನು ಹಾಕಿ ಉಜ್ಜುತ್ತೇನೆಂದು ಪರೀಕ್ಷೆಗೆ ಕುಳಿತವಳ ಹಾಗೆ ಒಪ್ಪಿಸಿದಳು. ಡಾಕ್ಟರು ಎಲ್ಲ ಕೇಳಿ, ಗೋಡೆ ಉಜ್ಜುವುದು ಬಿಡಮ್ಮ, ಮಗು ಮಲಗುವ ಜಾಗ ಬದಲಾಯಿಸು, ಇನ್ನೊಂದು ಸಲ ಹೀಗಾದರೆ ಇಲ್ಲಿಗೆ ತರುವಷ್ಟು ಹೊತ್ತು ಇರುತ್ತದೋ ಇಲ್ಲವೋ ಎಂದರು. ಅವರು ಇದನ್ನು ನನ್ನ ಎದುರೇ ಹೇಳಿದರು. ಜೀಪಿನಲ್ಲಿ ವಾಪಸು ಬರುವಾಗ ಪಾಳ್ಯದ ತಿರುವಿನಲ್ಲಿ ಅಪ್ಪಾಜಿ, ಇದೊಂದು ಕಾಫಿ ಹೋಗಲಿ, ಆಮೇಲೆ ನೋಡೋಣ ಎಂದರು. ಕಾಫಿ ಹೋಗುವಷ್ಟರಲ್ಲಿ ಮಳೆಯೂ ಹೋಯಿತು, ಉಬ್ಬಸವೂ ಹೋಯಿತು, ಆ ಮಾತೂ ಹೋಯಿತು. ಅಪ್ಪಾಜಿ ಕೆಟ್ಟವರಲ್ಲ. ನನಗಾಗಿ ಅತ್ತವರು. ಆದರೆ ಬಿಸಿಲು ಬಂದರೆ ಮಳೆಯಲ್ಲಿ ಆಡಿದ್ದನ್ನು ಮರೆಯುವ ಗುಣ ಅವರಿಗಿತ್ತು, ನಮ್ಮ ಕಡೆಯ ಬಹಳ ಜನರಿಗೆ ಇರುವ ಹಾಗೆ.

ಅವ್ವ ಮರೆತಿರಲಿಲ್ಲ. ಆದರೆ ಅವಳು ಜಗಳ ಮಾಡಲಿಲ್ಲ ಎಂಬುದೇ ನನಗೆ ಇವತ್ತಿಗೂ ಅರ್ಥವಾಗದ ಸಂಗತಿ. ಮೂರು ವರ್ಷ ಗೋಡೆಯ ಜೊತೆ ಜಗಳವಾಡಿದಳೇ ಹೊರತು ಗಂಡನ ಜೊತೆ ಒಂದು ದಿನ ಆಡಲಿಲ್ಲ. ಮುಂದಿನ ಶಿವರಾತ್ರಿ ಹತ್ತಿರ ಬಂತು. ಕಣದಲ್ಲಿ ಹೊಸ ಕಾಫಿ ಒಣಗುತ್ತಿತ್ತು, ಇನ್ನು ಮೂರು ನಾಲ್ಕು ದಿನಕ್ಕೆ ಚೀಲ ಕಟ್ಟುವುದು. ಪ್ರತಿವರ್ಷ ಕಾಫಿ ಒಳಗೆ ಬರುವ ಮುಂಚೆ ಖಾಲಿ ನಡುಕೋಣೆಯನ್ನು ತೊಳೆಯುವುದು ನಮ್ಮಲ್ಲಿ ಹಬ್ಬದಷ್ಟೇ ದೊಡ್ಡ ಕೆಲಸ. ಹಲಗೆಗಳನ್ನೆಲ್ಲ ಬೂದಿಯಲ್ಲಿ ತಿಕ್ಕಿ, ಅಂಟುವಾಳದ ನೀರಲ್ಲಿ ತೊಳೆದು, ಬಿಸಿನೀರಲ್ಲಿ ಜಾಲಾಡಿ, ಬಾಗಿಲು ತೆಗೆದು ಒಣಗಲು ಬಿಡುವುದು. ಆ ಸೋಮವಾರ ಅವ್ವ, ಹಿಟ್ಟು ಮಾಡಿಸಿಕೊಂಡು ಬರುತ್ತೇನೆಂದು ನನ್ನನ್ನೂ ಕರೆದುಕೊಂಡು ಬಾಳ್ಳುಪೇಟೆಗೆ ಹೊರಟಳು. ರಾಗಿ ಮಿಲ್ಲಿಗೆ ಕೊಟ್ಟವಳು ಅಲ್ಲಿ ಕಾಯದೆ ರಸ್ತೆ ದಾಟಿ ಒಂದು ಅಂಗಡಿಗೆ ಹೋದಳು. ಲಾರಿಗಳ ಸದ್ದಿನಲ್ಲಿ ಅವಳು ಏನು ಕೇಳಿದಳೋ ನನಗೆ ಕೇಳಿಸಲಿಲ್ಲ. ಅಂಗಡಿಯವನು ಕೆಳಗಿನ ಖಾನೆಯಿಂದ ಕಪ್ಪು ಬಾಟಲಿಯೊಂದನ್ನು ತೆಗೆದು ಪೇಪರಿನಲ್ಲಿ ಸುತ್ತಿದ. ನನ್ನ ಕಟ್ಟಿದ ಮೂಗು ಆ ತಿಂಗಳಲ್ಲಿ ಬಿಟ್ಟಿತ್ತು. ಪೇಪರಿನ ಹೊರಗಿನಿಂದಲೇ ನನಗೆ ಗೊತ್ತಾಯಿತು.

ಬಸ್ಸಿನಲ್ಲಿ ಅವ್ವ ಬಾಟಲಿಯನ್ನು ಬದನೆಕಾಯಿಯ ಕೆಳಗೆ ಹುದುಗಿಸಿ, ಚೀಲವನ್ನು ಎರಡೂ ಕಾಲಿನ ನಡುವೆ ಇಟ್ಟುಕೊಂಡು ಕುಳಿತಿದ್ದಳು. ನಿಮ್ಮಪ್ಪಾಜಿಗೆ ಹೇಳಬೇಡ ಎಂದು ಅವಳು ನನಗೆ ಹೇಳಲಿಲ್ಲ. ಹೇಳಿದ್ದರೆ ಸುಲಭವಿತ್ತು. ನಾನು ಅಪ್ಪಾಜಿಯ ಮೂಗು, ಅವರ ಪಹರೆಯವಳು, ಮನೆಯೊಳಗೆ ಫಿನಾಯಿಲ್ ಬಂದರೆ ಮೊದಲು ಹೇಳಬೇಕಾದವಳು. ಬಾಟಲಿ ಕೊಟ್ಟಿಗೆಯ ಸೂರಿನಲ್ಲಿ ಎರಡು ದಿನ ಇತ್ತು. ಎರಡೂ ಸಂಜೆ ಅಪ್ಪಾಜಿ ಮೂಸುತ್ತಾ ಸುತ್ತುವಾಗ ನಾನು ಹಿಂದೆ ಹಿಂದೆ ಹೋದೆ. ಏನಾದರೂ ವಾಸನೆಯೇ ಎಂದು ಕೇಳಿದರು. ಅವ್ವ ಹಸುವಿಗೆ ಏನೋ ಹಚ್ಚಲು ತಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಇಲ್ಲ ಎಂದೆ. ನನ್ನ ಬಾಳಿನಲ್ಲಿ ನಾನು ತಿಳಿದೂ ತಿಳಿದೂ ಹೇಳಿದ ಮೊದಲ ಸುಳ್ಳು ಅದು.

ಬುಧವಾರ ಅಪ್ಪಾಜಿ ಕಣದಲ್ಲಿದ್ದರು. ಅಜ್ಜಿ ಪೂಜೆಗೆ ಕುಳಿತಿದ್ದಳು. ಅವ್ವ ನಡುಕೋಣೆಯ ನೆಲದಲ್ಲಿ ಎರಡು ಬಕೆಟ್ ನೀರಿಟ್ಟು, ಬಾಟಲಿಯ ಬಿರಡೆ ತೆಗೆದು ಪೂರ್ತಿ ಸುರಿದಳು. ಕಪ್ಪಗಿದ್ದದ್ದು ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಯಿತು. ಅವಳು ಮೊದಲು ಹಲಗೆಗಳಿಗೆ ಹೊಯ್ದಳು, ಮರ ಕುಡಿಯುವಷ್ಟೂ ಕುಡಿಯಲಿ ಎಂದು ನಿಂತು ನೋಡಿ ಮತ್ತೆ ಹೊಯ್ದಳು. ಆಮೇಲೆ ಗೋಡೆಯ ಅಡಿ, ಬಾಗಿಲಿನ ಚೌಕಟ್ಟು, ಕಿಟಕಿಯ ದಾರಂದ. ಮೂರು ವರ್ಷದಲ್ಲಿ ಅವಳು ಏನನ್ನೂ ಉಜ್ಜದೆ ಸ್ವಚ್ಛ ಮಾಡಿದ್ದು ಅದೊಂದೇ ಸಲ. ಪೂಜೆಯ ಮಧ್ಯದಲ್ಲೇ ಅಜ್ಜಿ ಎದ್ದು ಬಂದಳು. ಹೊಸಿಲ ಆಚೆ ನಿಂತು ಸೆರಗು ಮೂಗಿಗೆ ಒತ್ತಿಕೊಂಡು, ಸೊಸೆಗೆ ತಲೆ ಕೆಟ್ಟಿತೆಂದುಕೊಂಡು ಮಗನನ್ನು ಕೂಗಿದಳು. ಕೂಗುವ ಅಗತ್ಯವಿರಲಿಲ್ಲ. ಗಾಳಿ ಕಣದ ಕಡೆಗೆ ಬೀಸುತ್ತಿತ್ತು. ಅಪ್ಪಾಜಿ ಆಗಲೇ ಅಂಗಳ ದಾಟಿ ಓಡಿ ಬರುತ್ತಿದ್ದರು.

ಅವರು ಕೈಯೆತ್ತಬಹುದೆಂದು ನನಗೆ ಭಯವಾಗಿತ್ತು. ಎತ್ತಲಿಲ್ಲ. ಬಾಗಿಲಲ್ಲಿ ನಿಂತರು, ಒದ್ದೆ ಹಲಗೆ ನೋಡಿದರು, ಖಾಲಿ ಬಾಟಲಿ ನೋಡಿದರು, ಅವ್ವನನ್ನು ನೋಡಿದರು. ಅವ್ವ ಬಟ್ಟೆ ಹಿಂಡುತ್ತಿದ್ದಳು.

"ಏನ್ ಮಾಡ್ಬುಟ್ಟೆ ಮಾರಾಯ್ತಿ. ಇನ್ನು ಎರಡು ವರ್ಷ ಈ ಕೋಣೇಲಿ ಒಂದು ಬೀಜ ಇಡೋಕಾಗಲ್ವಲ್ಲೇ."

ಅಪ್ಪಾಜಿ ಬೈಯಲು ಶುರುಮಾಡಿ ನಡುವೆಯೇ ನಿಲ್ಲಿಸಿದರು, ಏಕೆಂದರೆ ಅವರ ತಲೆ ಆಗಲೇ ಮುಂದಕ್ಕೆ ಓಡಿತ್ತು. ಕಾಫಿ ಎಲ್ಲಿಡುವುದು? ಜಗಲಿಗೆ ಎರಚಲು. ಕೊಟ್ಟಿಗೆಗೆ ಸಗಣಿ, ಗಂಜಲ. ದಾಪುಗಾಲು ಹಾಕುತ್ತಾ ದರೆಕೋಣೆಗೆ ಹೋದರು. ನಾವೆಲ್ಲ ಹಿಂದೆ ಹೋದೆವು. ನನ್ನ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿತ್ತು, ಅದನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ ಅಪ್ಪಾಜಿ ಗೋಡೆಗೆ ಅಂಗೈ ಇಟ್ಟರು. ಮಾಘದ ಬಿಸಿಲಿನಲ್ಲೂ ಅದು ತಣ್ಣಗಿತ್ತು. ಉಗುರಿನಿಂದ ಕೆರೆದರು, ಸುಣ್ಣದ ಹಿಂದೆ ಕಪ್ಪು ಕಾಣಿಸಿತು. ಬೆರಳನ್ನು ಮೂಗಿಗೆ ಹಿಡಿದರು. ಅಷ್ಟು ವರ್ಷ ಮನೆಯೆಲ್ಲ ಮೂಸಿ ಓಡಾಡಿದವರು ಆ ಗೋಡೆಯನ್ನು ಮೂಸಿದ್ದು ಅವತ್ತೇ ಮೊದಲು.

"ಇಲ್ಲಿ ಹೆಂಗೆ ಇಡೋದು? ಒಂದ್ ಮಳೆ ಬಿದ್ರೆ ಸಾಕು, ಬೂಷ್ಟ್ ಹಿಡ್ದು ಎಲ್ಲ ಹೋಗ್ಬುಡ್ತದೆ. ಕಾಫಿ ಇಡೋ ಜಾಗ ಅಲ್ಲ ಇದು."

ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಕೈಯಿಂದ ಫಿನಾಯಿಲ್ ನೀರು ತೊಟ್ಟಿಕ್ಕುತ್ತಿತ್ತು. ಅವಳ ದನಿ ಏರಲೇ ಇಲ್ಲ.

"ಮೂರ್ ಮಳೆಗಾಲ ಮಗೀನ ಇಟ್ಟಿವಿ ಕಣ್ರೀ."

ಅಪ್ಪಾಜಿ ಗೋಡೆಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ನನ್ನ ಕಡೆಗೆ ತಿರುಗುತ್ತಾರೆಂದು ಕಾಯುತ್ತಿದ್ದೆ, ಅವರು ತಿರುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಗ್ಗಿ, ಕಾಲಲ್ಲಿ ಸರಿಸಿದ್ದ ನನ್ನ ಹಾಸಿಗೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೊರಗೆ ನಡೆದರು. ಅಂಗಳದ ಬಿಸಿಲಿನಲ್ಲಿ ಅದನ್ನು ತಾವೇ ಬಿಚ್ಚಿ ಹಾಸಿದರು. ತಿರುವಿಹಾಕಿದರು. ಸಂಜೆ ಅದು ನಡುಕೋಣೆಯಲ್ಲಿ ಬೆಚ್ಚನೆಯ ಗೋಡೆಯ ಪಕ್ಕದಲ್ಲಿತ್ತು.

ಆ ವರ್ಷದ ಕಾಫಿಯನ್ನು ಕಣದಿಂದಲೇ ಖಾದರ್ ಸಾಬರ ಲಾರಿಗೆ ತುಂಬಿಸಿದರು. ಸಾಬರು ಅಂಗಳದಲ್ಲಿ ನಿಂತು ಒಳಗಿನಿಂದ ಬರುತ್ತಿದ್ದ ವಾಸನೆಯನ್ನು ಗಮನಿಸಿರಬೇಕು, ಚೀಲ ಎಣಿಸಿಕೊಂಡು ಹೋದರು. ನಮ್ಮ ಹಣೆಬರಹ ನೋಡಿ, ಅದೇ ವರ್ಷ ಮಳೆ ಶುರುವಾಗುವ ಹೊತ್ತಿಗೆ ಕಾಫಿಯ ಬೆಲೆ ಯಾರೂ ನೆನೆಸದಷ್ಟು ಮೇಲಕ್ಕೆ ಹೋಯಿತು. ಕಾದವರೆಲ್ಲ ಹೊಸ ಜೀಪು ತಂದರು. ನಮ್ಮ ಜೀಪು ಹಳೆಯದೇ ಉಳಿಯಿತು. ಅಪ್ಪಾಜಿ ಅವ್ವನಿಗೆ ಈ ವಿಷಯ ಒಂದು ದಿನ ಎತ್ತಿ ಆಡಿದ್ದನ್ನು ನಾನು ಕೇಳಿಲ್ಲ. ಆ ಮಳೆಗಾಲದಲ್ಲಿ ಅವರು ಪೇಪರು ಓದುವ ಜಾಗ ಬದಲಾಯಿಸಿದರು. ಜಗಲಿಯ ಬೆಂಚು ಬಿಟ್ಟು, ನಡುಕೋಣೆಯೊಳಗೆ ನನ್ನ ಹಾಸಿಗೆಯ ಅಂಚಿನಲ್ಲಿ ಚಕ್ಕಂಬಕ್ಕಲ ಹಾಕಿ ಕುಳಿತು, ಆ ಪೇಟೆಧಾರಣೆಯ ಪುಟವನ್ನೇ ಓದುತ್ತಿದ್ದರು. ಹಲಗೆಗಳಿಂದ ಫಿನಾಯಿಲ್ ವಾಸನೆ ಏಳುತ್ತಲೇ ಇತ್ತು. ಆ ಮೂಗಿಗೆ ಅದು ಎಷ್ಟು ಹಿಂಸೆಯೋ ನನಗೆ ಗೊತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಓದಿ ಮುಗಿದ ಮೇಲೂ ಎದ್ದುಹೋಗುತ್ತಿರಲಿಲ್ಲ. ನಾನು ಉಸಿರಾಡುವುದನ್ನು ಕೇಳುತ್ತಾ ಕುಳಿತಿರುತ್ತಿದ್ದರು. ಎದೆಯಲ್ಲಿ ತಿದಿಯ ಸದ್ದು ಆ ವರ್ಷ ಬರಲಿಲ್ಲ. ಅಪ್ಪಾಜಿಯ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಅವರನ್ನು ಪೂರ್ತಿ ದ್ವೇಷಿಸಲು ಆಗದೆ ಹೋದದ್ದು ಆ ಮಳೆಗಾಲದಿಂದ. ಇವತ್ತಿಗೂ ಎಲ್ಲರೂ ಮೂಗು ಮುಚ್ಚಿಕೊಳ್ಳುವ ಬಸ್‌ಸ್ಟ್ಯಾಂಡಿನ ಶೌಚಾಲಯದ ಹತ್ತಿರ ನನಗೆ ಮನೆಯ ನೆನಪಾಗುತ್ತದೆ. ಇದನ್ನು ಯಾರಿಗೆ ಹೇಳುವುದು?

ವಿದ್ಯಾಳಿಗೆ ಪಟ್ಟಿ ಮಾತ್ರ ಹೇಳಿದೆ. ಅಂಟುವಾಳ ಕುದಿಸುವುದನ್ನು ಬರೆದುಕೊಂಡಳು, ಸುಣ್ಣದ ಕಲ್ಲು ಬರೆದುಕೊಂಡಳು. ಇದರಲ್ಲೆಲ್ಲ ಯಾವುದು ಚೆನ್ನಾಗಿ ಕೆಲಸ ಮಾಡುತ್ತಿತ್ತು ಅಕ್ಕಾ ಎಂದು ಕೇಳಿದಳು. ಫಿನಾಯಿಲ್ ಎಂದೆ. ತಮಾಷೆ ಮಾಡುತ್ತಿದ್ದೇನೆಂದುಕೊಂಡು ನಕ್ಕಳು, ಬರೆದುಕೊಳ್ಳಲಿಲ್ಲ. ಅಷ್ಟರಲ್ಲಿ ಒಳಗೆ ಯಾರೋ ಕೆಮ್ಮಿದರು. ದೊಡ್ಡವರ ಕೆಮ್ಮಲ್ಲ. ಎರಡು ದಿನದಿಂದ ಉಳಿದುಕೊಂಡಿದ್ದ ಗಂಡಹೆಂಡಿರ ಮಗಳು, ಆರು ಏಳು ವರ್ಷದವಳು. ಎಲ್ಲಿ ಮಲಗಿಸಿದ್ದೀಯೆ ಎಂದು ಕೇಳಿದೆ. ಹೆರಿಟೇಜ್ ರೂಮಿನಲ್ಲಿ ಎಂದಳು, ದರೆಕೋಣೆಗೆ ಅವಳಿಟ್ಟ ಹೆಸರು ಅದು. ದಿನಾ ಬೆಳಿಗ್ಗೆ ಅಂಟುವಾಳದ ನೀರಲ್ಲಿ ಗೋಡೆ ಉಜ್ಜಿಸ್ತೀನಿ ಅಕ್ಕಾ, ಆದರೂ ಅದೇನೋ ಚುಕ್ಕೆ ಬರುತ್ತದೆ ಎಂದಳು. ನಡುಕೋಣೆ ಕೊಡಬಾರದೇ ಎಂದೆ. ಅದು ಆಗೋದಿಲ್ಲ ಅಕ್ಕಾ, ಗೆಸ್ಟುಗಳಿಗೆ ಮಾರುವ ಕಾಫಿ ಪ್ಯಾಕೆಟ್ಟು ಎಲ್ಲ ಅಲ್ಲೇ ಇವೆ, ಮನೆಗೆಲ್ಲ ಒಣಗಿದ ಜಾಗ ಅದೊಂದೇ ಎಂದಳು.

ನಾನು ಎದ್ದು ಹೊರಗೆ ಬಂದೆ. ತಮ್ಮ ಅಂಗಳದಲ್ಲಿ ಜೀಪು ಹತ್ತುತ್ತಿದ್ದ, ಅವನನ್ನು ತಡೆದು ಎಲ್ಲಿಗೆ ಹೊರಟೆ ಎಂದು ಕೇಳಿದೆ. ಬಾಳ್ಳುಪೇಟೆಗೆ ಎಂದ. ಬರುವಾಗ ಒಂದು ಬಾಟಲಿ ಫಿನಾಯಿಲ್ ತರಬೇಕು, ಕರಿಯದು, ದೊಡ್ಡದು ಎಂದೆ.